‘ಸೇರೂದಿಲ್ಲ’ದಿಂದ ‘ಸೇರಿಸಬ್ಯಾಡ್ರಿ’ ತನಕ

ಬೆಳಗಾವಿ ಕಡೆ ಯಾರಾದರೂ ಇಷ್ಟವಿಲ್ಲ ಅಂತ ಹೇಳಲು ದೊಡ್ಡ ಮಾತು ಬೇಕಾಗಿಲ್ಲ. ‘ಅಂವ ನನಗ ಸೇರೂದಿಲ್ಲ’ ಅಂದರೆ ಮುಗಿಯಿತು. ಬದನೆಕಾಯಿ ಸೇರೂದಿಲ್ಲ, ಹೊಸ ಮ್ಯಾನೇಜರ್ ಸೇರೂದಿಲ್ಲ, ಬೀಗರ ಮನೆಯವರು ಸೇರೂದಿಲ್ಲ. ಈ ವಾಕ್ಯದ ವ್ಯಾಕರಣ ನೋಡಿ. ‘ನನಗ’ ಅನ್ನುವುದು ಚತುರ್ಥಿ ವಿಭಕ್ತಿ. ತಕರಾರು ನನ್ನ ನಾಲಿಗೆಯದು, ನನ್ನ ಹೊಟ್ಟೆಯದು. ಬದನೆಕಾಯಿ ತಪ್ಪು ಮಾಡಿದೆ ಅಂತ ಈ ವಾಕ್ಯ ಹೇಳುವುದಿಲ್ಲ. ಪಕ್ಕದ ಎಲೆಯವರಿಗೂ ಬಡಿಸಬೇಡಿ ಅಂತಂತೂ ಹೇಳುವುದೇ ಇಲ್ಲ.

ಈಗ ಅದೇ ಧಾತುವಿಗೆ ‘ಇಸು’ ಹಚ್ಚಿ: ‘ಅವರನ್ನ ಸೇರಿಸಬ್ಯಾಡ್ರಿ.’ ‘ನನಗ’ ಮಾಯವಾಯಿತು. ಚತುರ್ಥಿ ಇದ್ದಲ್ಲಿ ದ್ವಿತೀಯೆ ಬಂತು, ಒಬ್ಬನಿದ್ದಲ್ಲಿ ಹಲವರು ಬಂದರು, ಅನಿಸಿಕೆ ಇದ್ದಲ್ಲಿ ಅಪ್ಪಣೆ ಬಂತು. ಇದಕ್ಕೆ ಶಾಲೆಯ ವ್ಯಾಕರಣದಲ್ಲಿ ಪ್ರೇರಣಾರ್ಥಕ ಅನ್ನುತ್ತಾರೆ. ಕೋರ್ಟಿನ ಭಾಷೆಯಲ್ಲಿ ಇದರ ಅಣ್ಣನ ಹೆಸರು ಪ್ರಚೋದನೆ. ಅಸಮಾಧಾನ ಎಲ್ಲಿ ಮುಗಿದು ದ್ವೇಷದ ಮಾತು ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಬಹಳ ಮಂದಿ ಮಾತಿನ ಖಾರದಿಂದ ಅಳೆಯುತ್ತಾರೆ. ಖಾರದಿಂದ ಅಳೆದರೆ ಬೆಳಗಾವಿಯಲ್ಲಿ ಅರ್ಧ ಊರು ಜೈಲಿಗೆ ಹೋಗಬೇಕಾದೀತು. ಅಳೆಯಬೇಕಾದದ್ದು ವಾಕ್ಯದ ಕೆಲಸವನ್ನು: ಕೇಳಿಸಿಕೊಂಡವನಿಗೆ ಅದು ಯಾರ ಮೇಲೆ ಏನು ಮಾಡು ಅನ್ನುತ್ತದೆ?

ಒಂದು ಅಂಗಡಿಯ ಮುಂದೆ ನಿಂತು ನೋಡೋಣ. ಗಣಪತಿ ಗಲ್ಲಿ, ಖಡೇಬಜಾರ್, ಯಾವುದಾದರೂ ಆದೀತು. ಗಿರಾಕಿ ಕನ್ನಡದಲ್ಲಿ ಕೇಳಿದ, ಅಂಗಡಿಯವ ಮರಾಠಿಯಲ್ಲಿ ಉತ್ತರ ಕೊಟ್ಟ. ಗಿರಾಕಿ ಹೊರಬಂದು ಹೇಳುತ್ತಾನೆ: ‘ಆ ಅಂಗಡಿಯಾಂವ ನನ್ನ ಜೋಡಿ ಕನ್ನಡ ಮಾತಾಡಲಿಲ್ಲ, ನಾ ಇನ್ನ ಅಲ್ಲಿ ಹೋಗಾಂವಲ್ಲ.’ ಇದು ಶುದ್ಧ ಅಸಮಾಧಾನ. ಒಬ್ಬ ವ್ಯಕ್ತಿ, ಒಂದು ಘಟನೆ, ತನ್ನದೇ ನಿರ್ಧಾರ. ಸಂಜೆ ಕಟ್ಟೆಗೆ ಬರುವ ಹೊತ್ತಿಗೆ ಅದು ‘ಆ ಮಂದೀನ ಹಂಗ, ಸೊಕ್ಕು ಭಾಳ’ ಆಗಿರುತ್ತದೆ. ಅಂಗಡಿಯವ ಹೋಗಿ ‘ಮಂದಿ’ ಬಂತು. ‘ಮಂದಿ’ಗೆ ಅಂಟಿದ ಆ ‘ನ’ ಇದೆಯಲ್ಲ, ಅದು ಅಪವಾದಕ್ಕೆ ಬಾಗಿಲು ಹಾಕುವ ಚಿಲಕ. ಇದು ಪೂರ್ವಗ್ರಹ. ಕೇಳಲು ಹೊಲಸು, ಆದರೆ ಇಷ್ಟಕ್ಕೇ ಅಪರಾಧವಾಗುವುದು ಕಷ್ಟ. ಆಮೇಲೆ ‘ಅವರ ಅಂಗಡ್ಯಾಗ ಯಾರೂ ಏನೂ ತಗೋಬ್ಯಾಡ್ರಿ’. ‘ನಾ’ ಇದ್ದ ಕಡೆ ‘ಯಾರೂ’ ಬಂದು ಕೂತಿತು. ಗಡಿ ಇಲ್ಲೇ ಎಲ್ಲೋ ಇದೆ. ಅದರ ನಂತರದ್ದು ‘ಅವರಿಗೆ ಇಲ್ಲಿ ಮನಿ ಬಾಡಿಗಿ ಕೊಡಬಾರದು, ವೋಟರ್ ಲಿಸ್ಟಿನ್ಯಾಗ ಹೆಸರು ಇರಬಾರದು’. ಇಲ್ಲಿ ಗಡಿ ದಾಟಿ ಆಯಿತು. ಕೊನೆಗೆ, ನವೆಂಬರ್ ಹತ್ತಿರ ಬಂದಾಗ, ತಣ್ಣಗೆ ಒಂದು ಮಾತು: ‘ಒಂದನೇ ತಾರೀಖಿಗೆ ಗೊತ್ತಾಗ್ತದ ಅವರಿಗೆ.’

ಆ ಕೊನೆಯ ವಾಕ್ಯದಲ್ಲಿ ಒಂದು ಬೈಗುಳವೂ ಇಲ್ಲ. ಖಾರದ ಲೆಕ್ಕದಲ್ಲಿ ಐದರಲ್ಲಿ ಅದೇ ಅತ್ಯಂತ ಸಪ್ಪೆ. ಆದರೆ ಅದರಲ್ಲಿ ತಾರೀಖಿದೆ, ಗುರಿಯಿದೆ, ಕೇಳುವವರಿಗೆ ಅರ್ಥವಾಗುವ ಕೆಲಸವಿದೆ. ಸಾಫ್ಟ್‌ವೇರ್ ಹಚ್ಚಿ ಕೆಟ್ಟ ಪದ ಹುಡುಕುವವರು ಎರಡನೆಯದನ್ನು ಹಿಡಿಯುತ್ತಾರೆ, ಐದನೆಯದನ್ನು ಬಿಡುತ್ತಾರೆ.

ಉಪಮೆಗಳಿಗೂ ಇದೇ ಮಾತು. ಒಂದು ಸಮುದಾಯವನ್ನು ‘ಕಳೆ’ ಅಂದರೆ ಬಾಗಲಕೋಟೆ ಕಡೆಯ ರೈತನಿಗೆ ಮುಂದಿನ ಕ್ರಿಯಾಪದ ಹೇಳಿಕೊಡಬೇಕಾಗಿಲ್ಲ: ಕೀಳು. ‘ಹುಳ’ ಅಂದರೆ: ಔಷಧಿ ಹೊಡಿ. ‘ಬಾಡಿಗೆಗೆ ಬಂದವರು’ ಅಂದರೆ: ಖಾಲಿ ಮಾಡಿಸು. ಬೈದವನು ನಾಮಪದವನ್ನಷ್ಟೇ ಹೇಳಿ ಕೈ ತೊಳೆದುಕೊಳ್ಳುತ್ತಾನೆ, ಕ್ರಿಯಾಪದವನ್ನು ಕೇಳುಗನೇ ತುಂಬಿಕೊಳ್ಳುತ್ತಾನೆ. ರುವಾಂಡಾದ ರೇಡಿಯೋ 1993–94ರಲ್ಲಿ ಟುಟ್ಸಿ ಜನರನ್ನು ‘ಇನ್ಯೆಂಜಿ’, ಅಂದರೆ ಜಿರಳೆ, ಅಂತ ಕರೆಯುತ್ತಿತ್ತು. 1994ರ ಟುಟ್ಸಿ ನರಮೇಧದ ವಿಚಾರಣೆಗೆ ತಾಂಜಾನಿಯಾದ ಅರುಷಾದಲ್ಲಿ ಕೂತಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರ ಡಿಸೆಂಬರ್‌ನಲ್ಲಿ ರೇಡಿಯೋ ಮತ್ತು ಪತ್ರಿಕೆ ನಡೆಸಿದ ಮೂವರನ್ನು ತಪ್ಪಿತಸ್ಥರೆಂದು ತೀರ್ಪು ಕೊಟ್ಟಾಗ ಇಂಥ ಪದಗಳು ಏನು ಕೆಲಸ ಮಾಡಿದವು ಅನ್ನುವುದನ್ನು ಒಂದೊಂದಾಗಿ ಬಿಡಿಸಿ ನೋಡಿತ್ತು. ‘ಸೊಕ್ಕಿನವರು’ ಅನ್ನುವ ಬೈಗುಳ ಎದುರಿನವನನ್ನು ಮನುಷ್ಯನನ್ನಾಗಿಯೇ ಇಟ್ಟಿರುತ್ತದೆ, ಯಾಕೆಂದರೆ ಸೊಕ್ಕು ಮನುಷ್ಯರಿಗೇ ಇರುವುದು. ಜಿರಳೆಗೆ ಸೊಕ್ಕಿಲ್ಲ.

ಇನ್ನು ಕಾನೂನು. ಸಂವಿಧಾನದ 19(1)(ಎ) ಮಾತಿನ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ನಿರ್ಬಂಧ ಹಾಕಬಹುದಾದ ಕಾರಣಗಳನ್ನು ಎಣಿಸಿ ಹೇಳುತ್ತದೆ. ಆ ಪಟ್ಟಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ ಮುಂತಾದವಿವೆ. ‘ಮನಸ್ಸಿಗೆ ನೋವು’ ಇಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾತನ್ನು ಮೂರು ಮೆಟ್ಟಿಲು ಮಾಡಿ ತೋರಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಸಂವಿಧಾನದ ರಕ್ಷಣೆಯಲ್ಲಿವೆ. ಮೂರನೆಯದಕ್ಕೆ ಕಾಲಿಟ್ಟಾಗ 19(2) ಎಚ್ಚರಾಗುತ್ತದೆ. ಆನ್‌ಲೈನಿನಲ್ಲಿ ಮನಸ್ಸು ನೋಯಿಸುವ ಸಂದೇಶ ಕಳಿಸುವುದನ್ನೇ ಅಪರಾಧ ಮಾಡಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅವತ್ತೇ ರದ್ದಾಯಿತು. ‘ನಿಮ್ಮ ಮ್ಯಾಲೆ 66ಎ ಹಾಕಸ್ತೀನಿ’ ಅಂತ ಯಾರಾದರೂ ಹೆದರಿಸಿದರೆ ಸತ್ತ ಹಾವು ತೋರಿಸುತ್ತಿದ್ದಾರೆ ಅಂತ ತಿಳಿಯಿರಿ.

ಬದುಕಿರುವ ಹಾವು ಯಾವುದೆಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಅದು ಹಳೆಯ ದಂಡ ಸಂಹಿತೆಗೆ 1898ರಲ್ಲಿ ಬ್ರಿಟಿಷರು ಸೇರಿಸಿದ್ದ 153ಎ ಕಲಮಿನ ಹೊಸ ರೂಪ. ಧರ್ಮ, ಜನಾಂಗ, ಹುಟ್ಟಿದ ಊರು, ವಾಸ, ಭಾಷೆ, ಜಾತಿ ಅಥವಾ ಸಮುದಾಯದ ಆಧಾರದ ಮೇಲೆ ಗುಂಪುಗಳ ನಡುವೆ ವೈರ ಬೆಳೆಸಿದರೆ ಮೂರು ವರ್ಷದವರೆಗೆ ಜೈಲು. ಪೂಜಾಸ್ಥಳದಲ್ಲಿ ಮಾಡಿದರೆ ಐದು ವರ್ಷದವರೆಗೆ. ಪಟ್ಟಿಯಲ್ಲಿ ಭಾಷೆ ಇದೆ ಅನ್ನುವುದನ್ನು ನಮ್ಮೂರಿನವರು ಅಡಿಗೆರೆ ಎಳೆದು ಓದಬೇಕು. ‘ಗುಂಪುಗಳ ನಡುವೆ’ ಅನ್ನುವುದೂ ಅಷ್ಟೇ ಮುಖ್ಯ. 1997ರ ಬಿಲಾಲ್ ಅಹ್ಮದ್ ಕಾಲೂ ತೀರ್ಪಿನ ಪ್ರಕಾರ ಕನಿಷ್ಠ ಎರಡು ಸಮುದಾಯಗಳು ಚಿತ್ರದಲ್ಲಿರಬೇಕು, ಹೇಳಿದವನಿಗೆ ವೈರ ಹಚ್ಚುವ ಉದ್ದೇಶವೂ ಇರಬೇಕು. ಸರ್ಕಾರವನ್ನು, ಪಕ್ಷವನ್ನು, ಶಾಸಕರನ್ನು ಬೈದದ್ದಕ್ಕೆ ಈ ಕಲಂ ಹಚ್ಚಿದರೆ ಮೇಲಿನ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಅದರ ಪಕ್ಕದ 197ನೇ ಕಲಮಿನ ಹೆಸರನ್ನು ಜನ ಅಷ್ಟಾಗಿ ಎತ್ತುವುದಿಲ್ಲ. ನನಗೆ ಅದೇ ಹೆಚ್ಚು ಹರಿತ ಅನಿಸುತ್ತದೆ. ಒಂದು ಧರ್ಮ, ಭಾಷೆ, ಪ್ರಾಂತ ಅಥವಾ ಜಾತಿಯವರು ಅನ್ನುವ ಕಾರಣಕ್ಕೆ ಯಾವುದೇ ವರ್ಗದ ಜನರಿಗೆ ನಾಗರಿಕ ಹಕ್ಕು ಕೊಡಬಾರದು, ಕಿತ್ತುಕೊಳ್ಳಬೇಕು ಅಂತ ಸಾರಿ ಹೇಳುವುದು, ಸಲಹೆ ಕೊಡುವುದು, ಪ್ರಕಟಿಸುವುದು ಅಪರಾಧ. ಮೇಲಿನ ವೋಟರ್ ಲಿಸ್ಟಿನ ಮಾತು ನೇರವಾಗಿ ಇಲ್ಲಿ ಬಂದು ಬೀಳುತ್ತದೆ. ‘ಸೇರಿಸಬ್ಯಾಡ್ರಿ’ ಅನ್ನುವ ಕ್ರಿಯಾಪದವನ್ನೇ ಕಾನೂನು ಮಾಡಿಟ್ಟಂತಿದೆ.

ಗುಂಪಿನ ಲೆಕ್ಕವನ್ನು ಬದಿಗಿಡುವ ಕಾಯ್ದೆಯೂ ಒಂದಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989. ಆ ಸಮುದಾಯದವರಲ್ಲದ ಯಾರಾದರೂ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಆ ಸಮುದಾಯದ ಒಬ್ಬರನ್ನು ಜಾತಿ ಹೆಸರು ಹಿಡಿದು ಬೈದರೆ ಸಾಕು, ‘ನಾ ಬೈದದ್ದು ಅವನೊಬ್ಬನಿಗೆ’ ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ಹೊಲದ ಬದುವಿನ ಜಗಳ ವೈಯಕ್ತಿಕವೇ ಇರಬಹುದು. ಬಾಯಿಗೆ ಬಂದ ಪದ ವೈಯಕ್ತಿಕವಲ್ಲ, ಅದು ನೂರಾರು ವರ್ಷ ಕೇರಿಯನ್ನು ಊರಾಚೆ ಇಟ್ಟ ಪದ. ಇಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಈಗ ನಮ್ಮೂರಿನ ಕಠಿಣ ಪ್ರಶ್ನೆ. ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಮೆರವಣಿಗೆ, ಕೆಂಪು–ಹಳದಿ ಬಾವುಟ. ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನ, ಕಪ್ಪು ಬಾವುಟ. ‘ಬೆಳಗಾವಿ ಮಹಾರಾಷ್ಟ್ರಕ್ಕ ಸೇರಬೇಕು’ ಅನ್ನುವ ಘೋಷಣೆ ಕಿವಿಗೆ ಬಿದ್ದಾಗ ಕನ್ನಡಿಗನ ರಕ್ತ ಕುದಿಯುತ್ತದೆ. ಅದು ದ್ವೇಷದ ಮಾತೇ?

ಅಲ್ಲ ಅಂತ ನನ್ನ ತೀರ್ಮಾನ, ಓದುವವರಿಗೆ ಬೇಸರವಾದರೂ ಸರಿ. ಆ ವಾಕ್ಯದ ಕರ್ತೃ ಊರು, ಜನ ಅಲ್ಲ. 1956ರ ನವೆಂಬರ್ 1ರಿಂದ ಎದ್ದ ತಕರಾರು ಅದು. ಈ ಗಡಿ ತಕರಾರಿಗಾಗಿ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ಇಲ್ಲೇ ಇರಲಿ ಅಂದಿತು, ಮಹಾರಾಷ್ಟ್ರ ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನಲ್ಲಿ ವಾದಿಸಬಹುದಾದ ಬೇಡಿಕೆಯನ್ನು ಬೀದಿಯಲ್ಲಿ ಹೇಳಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ತಪ್ಪು ಅನ್ನಬಹುದು, ಚರಿತ್ರೆ ತೆಗೆದು ತೋರಿಸಬಹುದು. ‘ಕರಾಳ ದಿನ’ ಅನ್ನುವ ಪದದ ಬಗ್ಗೆಯೂ ಹತ್ತಿರದ್ದೇ ಒಂದು ತೀರ್ಪಿದೆ. ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರ ಜಿಲ್ಲೆಯ ಕಾಲೇಜೊಂದರ ಪ್ರಾಧ್ಯಾಪಕರು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಆಗಸ್ಟ್ 5 (370ನೇ ವಿಧಿ ರದ್ದಾದ ದಿನ) ಜಮ್ಮು–ಕಾಶ್ಮೀರಕ್ಕೆ ಕರಾಳ ದಿನ ಅಂತ ಹಾಕಿದ್ದರು. 153ಎ ಅಡಿ ಎಫ್‌ಐಆರ್ ಆಯಿತು. 2024ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಒಂದು ದಿನವನ್ನು ಕರಾಳ ಅನ್ನುವುದು ಪ್ರತಿಭಟನೆ, ಸಂಕಟದ ಮಾತು. ಅದರಿಂದ ಗುಂಪುಗಳ ನಡುವೆ ವೈರ ಹುಟ್ಟಿಸಿದಂತಾಗುವುದಿಲ್ಲ ಅಂತ. ಮೆರವಣಿಗೆಗೆ ಪೊಲೀಸರ ಅನುಮತಿ ಇದೆಯೋ ಇಲ್ಲವೋ ಅನ್ನುವುದು ಬೇರೆ ವಿಷಯ. ಅದನ್ನು ಇದರ ಜೊತೆ ಕಲಸಬಾರದು.

ಇದೇ ತಕ್ಕಡಿಯಲ್ಲಿ ನಮ್ಮ ಮಾತನ್ನೂ ಇಡಬೇಕು. ‘ಕನ್ನಡ ಕಲೀರಿ’ ಅನ್ನುವುದು ಬೇಡಿಕೆ. ಅಂಗಡಿ ಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು ಅನ್ನುವುದು ಕಾನೂನೇ. ‘ಕನ್ನಡ ಬರದವರು ಗಂಟುಮೂಟಿ ಕಟ್ಟರಿ’ ಅನ್ನುವುದು ಬೇರೆ ಜಾತಿಯ ವಾಕ್ಯ. ಅನುಮಾನ ಬಂದರೆ ವಾಕ್ಯವನ್ನು ತಿರುವಿ ಹಾಕಿ ಮಹಾರಾಷ್ಟ್ರದ ಜತ್ತಿನಲ್ಲೋ ಅಕ್ಕಲಕೋಟೆಯಲ್ಲೋ ಇರುವ ಕನ್ನಡ ಮನೆಯ ಬಾಗಿಲಲ್ಲಿ ನಿಂತು ಓದಿ: ‘ಮರಾಠಿ ಬರದವರು ಗಂಟುಮೂಟಿ ಕಟ್ಟರಿ.’ ಅಲ್ಲಿ ಯಾವುದು ಬೆದರಿಕೆಯಾಗಿ ಕೇಳುತ್ತದೋ ಇಲ್ಲಿಯೂ ಅದು ಬೆದರಿಕೆಯೇ.

ಪದಗಳು ಎರಡು ಬಾಯಿಯಲ್ಲಿ ಎರಡು ಕೆಲಸ ಮಾಡುತ್ತವೆ. ‘ಕಾನಡಿ’ ಅನ್ನುವುದು ಮರಾಠಿಯಲ್ಲಿ ಕನ್ನಡಕ್ಕಿರುವ ಹಳೆಯ, ಸಾದಾ ಹೆಸರು. ಕಾಯಿಪಲ್ಲೆ ಮಾರುವ ಅಜ್ಜಿ ‘ಕಾನಡೀ ಕಾ?’ ಅಂತ ಕೇಳಿದರೆ ನೀವು ಕನ್ನಡದವರೇನು ಅಂತಷ್ಟೇ. ಮುಂದಿನ ಮಾತನ್ನು ಅವಳೇ ಕನ್ನಡದಲ್ಲಿ ಆಡುತ್ತಾಳೆ. ಅದೇ ಪದ ಗುಂಪಿನ ನಡುವಿಂದ, ಕೆಎಸ್ಆರ್‌ಟಿಸಿ ಬಸ್ಸಿನ ಮೈಗೆ ಮಸಿ ಬಳಿಯುತ್ತ ಬಂದರೆ? ಪದಕೋಶ ತೆರೆದು ತೀರ್ಮಾನ ಮಾಡಲು ಆಗುವುದಿಲ್ಲ. 2020ರ ಅಮೀಶ್ ದೇವಗನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಯಾರು ಹೇಳಿದರು, ಯಾವ ಸಂದರ್ಭ, ಏನು ಹೇಳಿದರು, ಏನು ಹಾನಿಯಾಗಬಹುದು ಎಲ್ಲವನ್ನೂ ಒಟ್ಟಿಗೆ ನೋಡಬೇಕು ಅಂದದ್ದು ಇದಕ್ಕೇ. ಹೆಚ್ಚು ಜನ ಕೇಳುವ ಬಾಯಿಗೆ ಹೆಚ್ಚು ಹೊಣೆ. ಕಟ್ಟೆಯ ಮೇಲೆ ಕೂತ ಮುದುಕ ‘ಇವರಿಗೆಲ್ಲಾ ಬುದ್ಧಿ ಕಲಸಬೇಕು’ ಅಂದರೆ ಪಕ್ಕದವನು ಎಲೆ ಅಡಿಕೆ ಕೊಡುತ್ತಾನೆ. ಶಾಸಕರೋ ಸಂಘಟನೆಯ ಮುಖಂಡರೋ ಮೈಕಿನಲ್ಲಿ ಅಂದರೆ ಯಾರೋ ಕಲ್ಲು ಹುಡುಕುತ್ತಾರೆ.

ಸಮಯಕ್ಕೆ ಎಷ್ಟು ತೂಕ ಅನ್ನುವುದು 2021ರ ಡಿಸೆಂಬರ್‌ನಲ್ಲಿ ಕಂಡಿತು. ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟರು. ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು. ಬೆನ್ನಲ್ಲೇ ಬೆಳಗಾವಿಯ ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ಭಗ್ನವಾಯಿತು. ಮೂರು ಊರು, ಕೆಲವೇ ದಿನ, ಒಂದರ ಕಾವು ಇನ್ನೊಂದಕ್ಕೆ. 196ನೇ ಕಲಮಿನಲ್ಲಿ ಆಡಿದ, ಬರೆದ ಮಾತಿನ ಜೊತೆಗೆ ಸಂಜ್ಞೆ ಮತ್ತು ಕಣ್ಣಿಗೆ ಕಾಣುವ ರೂಪಗಳೂ ಇರುವುದು ಇಂಥದ್ದಕ್ಕೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಹೊಡೆದಾಡಿದ್ದು ಕಂಪನಿ ಸರ್ಕಾರದ ಜೊತೆ. ಶಿವಾಜಿಯ ಜೊತೆ ಅವನಿಗೆ ಜಗಳವೇ ಇರಲಿಲ್ಲ. ನೂರೈವತ್ತು ವರ್ಷದ ಅಂತರ ಬೇರೆ.

2025ರ ಡಿಸೆಂಬರ್‌ನ ಅಧಿವೇಶನದಲ್ಲಿ ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ದ್ವೇಷ ಭಾಷಣ ತಡೆಯ ರಾಜ್ಯ ಮಸೂದೆ ಮಂಡನೆಯಾಗಿ ಗದ್ದಲದ ನಡುವೆ ಅಂಗೀಕಾರವಾಯಿತು. ವಿರೋಧಿಸಿದವರ ದೊಡ್ಡ ತಕರಾರು ವ್ಯಾಖ್ಯೆ ತೀರಾ ಅಗಲವಾಗಿದೆ ಅನ್ನುವುದು. ಕಾನೂನು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಅಗಲವಾದ ವ್ಯಾಖ್ಯೆ ಕೊಡೆಯೂ ಆಗಬಹುದು, ಬಲೆಯೂ ಆಗಬಹುದು. ಟೀಕೆ ಮಾಡಿದವನೇ ಬಲೆಗೆ ಬಿದ್ದ ಪ್ರಕರಣಗಳು ದೇಶದಲ್ಲಿ ಕಡಿಮೆ ಇಲ್ಲ. 2025ರ ಮಾರ್ಚ್ 28ರಂದು ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪಗಢಿ ಅವರ ಮೇಲೆ ಒಂದು ಕವಿತೆಗಾಗಿ ಗುಜರಾತಿನಲ್ಲಿ ಹಾಕಿದ್ದ ಎಫ್‌ಐಆರ್ ರದ್ದು ಮಾಡುವಾಗ ಕೋರ್ಟ್ ಹಳೆಯ ಅಳತೆಗೋಲನ್ನೇ ಮತ್ತೆ ಎತ್ತಿಕೊಂಡಿತು: ಗಟ್ಟಿ ಮನಸ್ಸಿನ, ವಿವೇಕವುಳ್ಳ ಮನುಷ್ಯನ ಮೇಲೆ ಮಾತಿನ ಪರಿಣಾಮ ಏನು ಅಂತ ನೋಡಬೇಕು, ಎಲ್ಲದರಲ್ಲೂ ಅಪಾಯದ ವಾಸನೆ ಹಿಡಿಯುವವನ ಮೇಲಲ್ಲ.

ಆ ತೀರ್ಪಿನಿಂದ ದೂರು ಕೊಡುವವರು ತಿಳಿದಿರಬೇಕಾದ ಸಂಗತಿಯೂ ಒಂದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಪ್ರಕಾರ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮಾತು, ಬರಹದ ಪ್ರಕರಣಗಳಲ್ಲಿ ಹಾಗೆ ಮಾಡುವುದೇ ಒಳ್ಳೆಯದು ಅಂತ ಕೋರ್ಟ್ ಹೇಳಿದೆ. ಆದ್ದರಿಂದ ಠಾಣೆಯಲ್ಲಿ ಅವತ್ತೇ ಎಫ್‌ಐಆರ್ ಆಗಲಿಲ್ಲ ಅಂದರೆ ಅದು ಯಾವಾಗಲೂ ಪಕ್ಷಪಾತವಲ್ಲ. ದೂರನ್ನು ತಗೊಳ್ಳಲೇ ಇಲ್ಲ ಅಂದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ 175(3)ರ ಅಡಿ ಮ್ಯಾಜಿಸ್ಟ್ರೇಟ್. ಇಷ್ಟಾದರೂ 196ರ ಪ್ರಕರಣವನ್ನು ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. 197ಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಕೊಟ್ಟರೂ ನಡೆಯುತ್ತದೆ. ಎಷ್ಟೋ ಫೈಲುಗಳು ಮಲಗುವುದು ಈ ಅನುಮತಿಯ ಮೇಜಿನ ಮೇಲೆ.

ಪ್ರಕರಣ ಕೆಡುವುದು ಮಾತ್ರ ಬಹಳ ಸಲ ದೂರುದಾರನ ಕೈಯಲ್ಲೇ. ‘ನೋಡ್ರಿ ಎಂಥಾ ವಿಷ’ ಅಂತ ಬರೆದು ಅದೇ ವಿಡಿಯೋವನ್ನು ಹತ್ತು ಗ್ರೂಪಿಗೆ ಕಳಿಸುತ್ತಾನೆ. ವಿಷ ಹಂಚಿದವನು ಈಗ ಅವನೂ ಹೌದು. ಎರಡನೆಯದು ತುಂಡು ವಿಡಿಯೋ. ಹದಿನೈದು ಸೆಕೆಂಡಿನ ತುಣುಕಿನಲ್ಲಿ ‘ಸೇರಿಸಬ್ಯಾಡ್ರಿ’ ಇರುತ್ತದೆ, ಹಿಂದಿನ ‘ಹಂಗ ಅನ್ನಬಾರದು’ ಕತ್ತರಿಸಿಹೋಗಿರುತ್ತದೆ. ಪೂರ್ತಿ ರೆಕಾರ್ಡಿಂಗ್ ಹುಡುಕಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶವನ್ನು ಕಳಿಸಿದವನು ಎರಡು ದಿನಕ್ಕೂ ಹೆಚ್ಚು ಕಾಲ ಎಲ್ಲರಿಗೂ ಅಳಿಸಿಹಾಕಬಹುದು. ಆದ್ದರಿಂದ ಗ್ರೂಪಿನ ಹೆಸರು, ನಂಬರ್, ತಾರೀಖು, ಹೊತ್ತು ಕಾಣುವಂತೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಸ್ಕ್ರೀನ್ ರೆಕಾರ್ಡಿಂಗ್, ಆಮೇಲೆ ಚಾಟ್ ಎಕ್ಸ್‌ಪೋರ್ಟ್. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಅನ್ನುವ ಜೋಡಿ ಬಾಣದ ಗುರುತಿದ್ದರೆ ಅದೂ ಕಾಣಲಿ, ಮಾತು ಎಷ್ಟು ದೂರ ಹೋಗಿದೆ ಅನ್ನುವುದಕ್ಕೆ ಅದು ಕುರುಹು. ಮೂಲ ಸಂದೇಶವಿರುವ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರದು, ಕಡತದ ಹ್ಯಾಶ್ ಸಂಖ್ಯೆ (ಕಡತದ ಬೆರಳಚ್ಚಿನಂಥ ಗುರುತು) ಎರಡರಲ್ಲೂ ಇರಬೇಕು.

ಬೆಳಗಾವಿಗೇ ವಿಶೇಷವಾದ ತಾಪತ್ರಯ ಅನುವಾದದ್ದು. ಭಾಷಣ ಮರಾಠಿಯಲ್ಲಿ, ದೂರು ಕನ್ನಡದಲ್ಲಿ, ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಾದ ಇಂಗ್ಲಿಷಿನಲ್ಲಿ. ಮರಾಠಿಯ ‘ಹಾಕಲೂನ್ ದ್ಯಾ’ ಕನ್ನಡದಲ್ಲಿ ‘ಓಡಿಸಿರಿ’ ಆಗಿ, ಇಂಗ್ಲಿಷಿಗೆ ಹೋಗುವಾಗ ‘ಹೋಗಬೇಕು’ ಅನ್ನುವಷ್ಟು ಮೆತ್ತಗಾದರೆ ಪ್ರಚೋದನೆಯೇ ಆವಿಯಾಗುತ್ತದೆ. ತಿರುಗುಮುರುಗಾಗಿ, ಸಾದಾ ‘ಕಾನಡಿ’ ಅನ್ನು ದೂರು ಬರೆಯುವವನು ‘ಕನ್ನಡಿಗರನ್ನು ಹೀನಾಯವಾಗಿ ನಿಂದಿಸಿ’ ಅಂತ ಮಾಡಿಬಿಟ್ಟರೆ ಇಲ್ಲದ ಅಪರಾಧ ಹುಟ್ಟುತ್ತದೆ. ಆದ್ದರಿಂದ ಆಡಿದ ಮಾತನ್ನು ಆಡಿದಂತೆಯೇ ಕನ್ನಡ ಅಕ್ಷರದಲ್ಲೋ ದೇವನಾಗರಿಯಲ್ಲೋ ಬರೆದು, ಅನುವಾದವನ್ನು ಕೆಳಗೆ ಬೇರೆಯಾಗಿ ಕೊಡಿ. ‘ಪ್ರಚೋದನಕಾರಿ ಹೇಳಿಕೆ’ ಅನ್ನುವ ನಿಮ್ಮ ವಿಶೇಷಣ ಬೇಡ, ಅದನ್ನು ಕೋರ್ಟ್ ನಿರ್ಧರಿಸಲಿ.

ಬರೆದವರು ನೀವೇ ಆಗಿದ್ದರೆ? ಸಿಟ್ಟಿನಲ್ಲಿ ‘ಆ ಮಂದಿ’ ಅಂತ ಹಾಕಿ, ಬೆಳಿಗ್ಗೆ ಓದಿ ನಾಚಿಕೆಯಾಗಿದ್ದರೆ ಸುಮ್ಮನೆ ಅಳಿಸುವುದರಿಂದ ಅರ್ಧ ಕೆಲಸವೂ ಆಗುವುದಿಲ್ಲ, ನೋಡಿದವರು ನೋಡಿಯಾಗಿದೆ. ದೂರು ದಾಖಲಾದ ಮೇಲೆ ಅಳಿಸಿದರಂತೂ ಸಾಕ್ಷ್ಯ ನಾಶದ ಮಾತು ಬರುತ್ತದೆ, ವಕೀಲರನ್ನು ಕೇಳದೆ ಮುಟ್ಟಬೇಡಿ. ಅದಕ್ಕೂ ಮುಂಚೆಯಾದರೆ, ಅದೇ ಗ್ರೂಪಿನಲ್ಲಿ, ಅದೇ ಭಾಷೆಯಲ್ಲಿ ತಿದ್ದುಪಡಿ ಹಾಕಿ. ‘ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ’ ಅನ್ನುವ ರೆಡಿಮೇಡ್ ಸಾಲು ಬೇಡ, ಅದರಲ್ಲಿ ತಪ್ಪು ನೋವಾದವನದ್ದೇ ಅನ್ನುವ ಧಾಟಿ ಇದೆ. ‘ಆ ಮಂದಿ’ ಅಂದ ಕಡೆ ‘ಆ ಅಂಗಡಿಯಾಂವ’ ಅಂತ ಬರೆಯಿರಿ, ‘ಯಾರೂ ಹೋಗಬ್ಯಾಡ್ರಿ’ ಅಂದ ಕಡೆ ‘ನಾ ಹೋಗೂದಿಲ್ಲ’ ಅಂತ ಬರೆಯಿರಿ. ಸಿಟ್ಟು ಹಾಗೇ ಇರಲಿ.